ಕಟ್ಟು ನೀರು

ಮೂವತ್ತೊಂದು ವರ್ಷ ನಾಲೆಯ ನೀರುಗಂಟಿ ನಾನು.
ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಗೇಟಿನ ಸ್ಪ್ಯಾನರು.
ಹನಕೆರೆಯಾಚೆಯ ಏಳನೇ ತೂಬಿನಿಂದ
ಕೊನೇ ಗದ್ದೆಯ ತನಕ
ನೀರು ನನ್ನ ಮಾತು ಕೇಳುತ್ತಿತ್ತು.

ಈಗ ರಾತ್ರಿ ಎರಡೂವರೆ.
ಹಿತ್ತಲ ಬಚ್ಚಲಲ್ಲಿ ಗೋಡೆಗೆ ಹಣೆಯಿಟ್ಟು
ನಿಂತಿದ್ದೇನೆ, ಮೂರನೇ ಸಲ.
ಬಂದೆ ಬಂದೆ ಅಂತ ಎಬ್ಬಿಸಿದ್ದೂ ಅದೇ,
ಬಾ ಅಂದರೆ ಬಾರದೆ ಸತಾಯಿಸುವುದೂ ಅದೇ.
ಒಂದು ಹನಿ.
ಆಮೇಲೆ ಏನೂ ಇಲ್ಲ.
ಆಮೇಲೆ ಎರಡು.
ಕೊನೇ ಗದ್ದೆಯ ಸಾಕವ್ವ ಏರಿ ಮೇಲೆ ನಿಂತು ಬೈಯುತ್ತಿದ್ದಳು:
"ನಿನ್ ತೂಬಲ್ಲಿ ನೀರು ಬತ್ತದಾ, ಬೆವರು ಬತ್ತದಾ?"
ಸತ್ತು ಎಂಟು ವರ್ಷವಾಯಿತು ಪುಣ್ಯಾತಗಿತ್ತಿ.
ಮಾತು ಮಾತ್ರ ಬಂದು ಬಚ್ಚಲ ಕಲ್ಲಿನ ಮೇಲೆ ಕೂತಿದೆ.

ಯುಗಾದಿಯ ಮಾರನೆಗೆ ನೆಗಡಿಯೆಂದು
ಅಂಗಡಿಯಲ್ಲಿ ಕೇಳಿ ನುಂಗಿದ್ದೆ ಒಂದು ಮಾತ್ರೆ.
ಮೂಗು ಕಟ್ಟಿದ್ದು ಬಿಟ್ಟಿತು, ಕೆಳಗಿನದು ಕಟ್ಟಿತು.
ಮಂಡ್ಯದ ಆಸ್ಪತ್ರೆಗೆ ಆಟೋದಲ್ಲಿ ಹೋದದ್ದು,
ಹಂಪುಹಂಪಿಗೂ ದೇವರನ್ನು ಕರೆದದ್ದು,
ಟ್ಯೂಬು ಹಾಕಿದ ಹುಡುಗನಿಗೆ ಕೈಮುಗಿದದ್ದು,
ಅದನ್ನೆಲ್ಲ ಹೇಳುವುದಿಲ್ಲ.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು.
ಮೇಲೊಂದು ಚೀಲ, ಕೆಳಗೊಂದು ಕಾಲುವೆ,
ಕಾಲುವೆಯ ಕತ್ತಿಗೆ ಸುತ್ತಿಕೊಂಡ ಗ್ರಂಥಿ.
"ನೆಲ್ಲಿಕಾಯಷ್ಟು ಇರಬೇಕಾದ ಪ್ರಾಸ್ಟೇಟು
ನಿಂಬೆಹಣ್ಣಾಗಿದೆ. ಕೆಟ್ಟ ಗಂಟಲ್ಲ, ವಯಸ್ಸಿನದು."
"ಹೂಳು ಅನ್ನಿ ಸ್ವಾಮಿ" ಅಂದೆ.
"ಹೂಳೇ. ಎತ್ತೋಕೆ ಈಗಲೇ ಜೆಸಿಬಿ ಬೇಡ.
ಮಾತ್ರೆಯೊಂದಿರಲಿ. ನೀರಿನ ಲೆಕ್ಕ ನೀವೇ ಇಡಿ."

ಲೆಕ್ಕ! ನನಗೆ ಹೇಳಿಕೊಡುತ್ತಾರೆ, ಲೆಕ್ಕ.
ಹಗಲೆಲ್ಲ ಬಿಡು, ಸಂಜೆ ಏಳಕ್ಕೆ ಗೇಟು ಹಾಕು.
ಬಂದಾಗ ತಡೆಯಬೇಡ, ಹೆದರಿ ಬಾಯಾರಬೇಡ.
ಇದು ನಮ್ಮ ಕಟ್ಟು ಪದ್ಧತಿಯಲ್ಲವೆ?
ಇಷ್ಟು ದಿನ ಊರ ಗದ್ದೆಗೆ, ಈಗ ನನ್ನ ಹೊಟ್ಟೆಗೆ.

ಸೇತುವೆ ಪಕ್ಕದ ಕರಿಯಣ್ಣನಲ್ಲಿ ದಿನಕ್ಕೆ ಐದಿದ್ದ ಟೀ
ಒಂದಕ್ಕಿಳಿಯಿತು.
ಅವನ ಉದ್ದರಿ ಪುಸ್ತಕ ನನ್ನ ಮೇಲೆ ಮುನಿಸಿಕೊಂಡಿತು.
ಆಲೆಮನೆಯ ಮುಂದೆ ಸಂಜೆ ಹಾಯುವಾಗ
ಕಬ್ಬಿನ ಹಾಲಿನ ಲೋಟ ಹಿಡಿದು ಕರೆಯುತ್ತಾರೆ,
ಮುಖ ತಿರುಗಿಸಿ ಏರಿ ಹತ್ತುತ್ತೇನೆ.
ಅದೇ ಏರಿ, ಅದೇ ನಾಲ್ಕು ಮೈಲಿ.
ಕೈಯಲ್ಲಿ ಸ್ಪ್ಯಾನರಿಲ್ಲದೆ ತೋಳು ಎಲ್ಲಿಡುವುದೆಂದು
ಮೊದಮೊದಲು ತಿಳಿಯಲಿಲ್ಲ.

ನಿಂಗಾಜಮ್ಮ ಸಿಹಿಗುಂಬಳದ ಬೀಜವನ್ನು
ಸಗಣಿಯಲ್ಲಿ ಗೋಡೆಗೆ ಮೆತ್ತುತ್ತಿದ್ದವಳು, ಬಿತ್ತನೆಗೆ.
ಈಗ ಹುರಿದು ಅಂಗೈಗೆ ಹಾಕುತ್ತಾಳೆ.
ಇದರಿಂದ ಇಳಿಯುತ್ತದೆಂದು ಡಾಕ್ಟರು ಹೇಳಲಿಲ್ಲ,
ತಿನ್ನಬೇಡಿ ಎಂದೂ ಅನ್ನಲಿಲ್ಲ.
ಬಾಡು ಹದಿನೈದು ದಿನಕ್ಕೊಮ್ಮೆ. ಮಿಕ್ಕಂತೆ ಮುದ್ದೆ, ಸೊಪ್ಪು.
"ಮದುವೆಯಾದಾಗಿಂದ ಇದೇ ಹೇಳಿದೆ,
ಆಗ ನಿಂಗೆ ಕಿವಿ ಇರ್ಲಿಲ್ಲ" ಅಂತಾಳೆ.

ಒಂದು ಬೆಳಿಗ್ಗೆ ಕರಿಯಣ್ಣನ ಬೆಂಚಿನ ಮೇಲೆ
ಯಾಕೋ ಬಾಯಿಬಿಟ್ಟೆ: "ರಾತ್ರಿ ಐದು ಸಲ ಏಳ್ತಿದ್ದೆ."
ಯಾರೂ ಮಾತಾಡಲಿಲ್ಲ. ಟೀ ಆರಿತು.
ಪಂಚರ್ ಅಂಗಡಿಯ ಮೆಹಬೂಬಣ್ಣ ರಸ್ತೆ ನೋಡುತ್ತಲೇ
"ನಂಗೆ ನಾಲ್ಕು" ಅಂದ.
ಮೇಷ್ಟ್ರು ಪತ್ರಿಕೆ ಕೆಳಗಿಳಿಸದೆ
ಮೂರು ಬೆರಳು ಮೇಲೆತ್ತಿದರು.
ಆಗ ಗೊತ್ತಾಯಿತು ನನಗೆ,
ನಡುರಾತ್ರಿ ಬೇಲಿಗಳ ಹಿಂದೆ
ಅಲ್ಲೊಂದು ಇಲ್ಲೊಂದು ಹೊತ್ತಿ ಆರುವ ಬ್ಯಾಟರಿಗಳು
ಕಳ್ಳರದ್ದಲ್ಲ, ಇಲಿ ಹಿಡಿಯುವವರದ್ದೂ ಅಲ್ಲ.

ಇವತ್ತು ಮೂರಾಯಿತು. ಸಂಜೆ ಬೀಗರು ಬಂದಿದ್ದರು,
ಅವರ ಜೊತೆ ಒಂದು ಕಾಫಿ. ನನ್ನದೇ ತಪ್ಪು.
ಬಹಳ ರಾತ್ರಿಗಳು ಎರಡಕ್ಕೇ ಮುಗಿಯುತ್ತವೆ.
"ಆಯಿತೆಂದು ಓಡಿಬರಬೇಡಿ" ಅಂದಿದ್ದರು ಡಾಕ್ಟರು,
"ನಿಂತು, ನೂರೆಣಿಸಿ, ಇನ್ನೊಮ್ಮೆ ನೋಡಿ."
ನಿಂತಿದ್ದೇನೆ.
ಮನೆಯಾಚೆ ನಾಲೆ ತನ್ನ ಪಾಡಿಗೆ ಹರಿಯುತ್ತಿದೆ,
ಗೇಟು ತಿರುಪುವವನು ಈಗ ಬೇರೆಯವನು.
ಅರವತ್ತೇಳು.
ಅರವತ್ತೆಂಟು.

ಸಾಕವ್ವಾ,
ಬಂತು ಕಣವ್ವಾ.